ಒಲೀಟಾ ಹುಡುಕಿ ತಂದ ಮುತ್ತಜ್ಜ

ಗ್ರಿಂಡ್‌ಸ್ಟಾಫ್ ಮನೆತನದಲ್ಲಿ ಗಂಡಸರು ಸಂಜೆ ಮನೆಗೆ ಬರುವುದು ಸ್ವಲ್ಪ ತಡವಾದರೆ ಸಾಕು, ಹೆಂಗಸರು ಬಾಗಿಲಲ್ಲೇ ನಿಂತು, "ಏನು, ಜೋತಮ್ ಆಗ್ಬಿಟ್ರೇನೋ ಅಂದ್ಕೊಂಡೆ!" ಎಂದು ಚುಚ್ಚುತ್ತಿದ್ದರು. ಜೋತಮ್ ಎಂದರೆ ಆ ವಂಶದ ಮೂಲಪುರುಷ. ಬೆಟ್ಟದ ಕಣಿವೆ ದಾಟಿ ಬಂದು, ಕಾಡು ಕಡಿದು, ಅಮೆರಿಕದ ಕೆಂಟಕಿ ರಾಜ್ಯದ ದಕ್ಷಿಣದ ಅಂಚಿನ ಕರಡಿಹಳ್ಳದ ದಂಡೆಯಲ್ಲಿ ಮರದ ದಿಮ್ಮಿಗಳ ಮನೆ ಕಟ್ಟಿದವನು. ಆಮೇಲೊಂದು ದಿನ ಹೆಂಡತಿ ತಬಿತಾಳನ್ನೂ ಮಕ್ಕಳನ್ನೂ ನಡುನೀರಲ್ಲಿ ಬಿಟ್ಟು, ಹೆಂಡದಂಗಡಿಯ ವಿಧವೆಯೊಬ್ಬಳ ಜೊತೆ ಓಡಿಹೋದವನು. ಹೀಗೆಂದು ಮನೆಮಂದಿಯೆಲ್ಲ ನಂಬಿದ್ದರು.

ಒಲೀಟಾ ಗ್ರಿಂಡ್‌ಸ್ಟಾಫ್ ಈ ಕಥೆ ಕೇಳುತ್ತಲೇ ಬೆಳೆದಳು. ಮದುವೆಯಾಗಲಿಲ್ಲ. ಊರಿನ ಅಂಗಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದವಳು ಕೂದಲು ನೆರೆಯುವವರೆಗೂ ಅಲ್ಲೇ ಇದ್ದಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ನಿವೃತ್ತಿಯಾದ ಮೇಲೆ ಒಂದು ವಾರ ಮನೆಯಲ್ಲಿ ಕುಳಿತಳು. ಕೈ ಕಟ್ಟಿಹಾಕಿದಂತಾಯಿತು. ಆಗ ಅವಳ ತಂದೆಯ ತಂಗಿ ಲುರೇನಾ ಅತ್ತೆಯ ಹತ್ತಿರ ಹೋಗಿ, "ಅತ್ತೆ, ಆ ಜೋತಮ್ ಎಲ್ಲಿಗೆ ಓಡಿದ ಅಂತ ಹುಡುಕ್ತೀನಿ" ಎಂದಳು.

ಲುರೇನಾಗೆ ತೊಂಬತ್ತು ದಾಟಿತ್ತು. ಕಣ್ಣು ಮಂಜಾಗಿದ್ದರೂ ನಾಲಿಗೆಗೆ ಏನೂ ಆಗಿರಲಿಲ್ಲ. "ಹುಡುಕಿ ಏನ್ ಮಾಡ್ತೀಯೇ? ಮನೆಗೆ ಕರ್ಕೊಂಡ್ ಬಂದು ಊಟಕ್ಕೆ ಕೂರಿಸ್ತೀಯಾ?"

"ನಾಲ್ಕು ಬೈಗುಳಾನಾದ್ರೂ ಬೈದು ಬರ್ತೀನಿ."

"ಹಾಗಾದ್ರೆ ನನ್ ಪಾಲಿಂದೂ ಸೇರಿಸಿ ಬೈದು ಬಾ."

ಕೌಂಟಿಯ, ಅಂದರೆ ಜಿಲ್ಲೆಯ, ಕಚೇರಿಯ ದಾಖಲೆ ಕೋಣೆ ನೋಡಿಕೊಳ್ಳುತ್ತಿದ್ದವಳು ಮಾರ್ವಾ ಎಂಬ ಹೆಂಗಸು. ಸದಾ ಏನಾದರೂ ಜಗಿಯುತ್ತಿರುವ, ಗಟ್ಟಿಯಾಗಿ ನಗುವ ಜೀವ. ಒಲೀಟಾಳೂ ಅವಳೂ ಎರಡೇ ದಿನದಲ್ಲಿ ಹಳೆಯ ಗೆಳತಿಯರಂತೆ ಆಗಿಬಿಟ್ಟರು. ಜೋತಮನ ಹೆಸರಿನ ಪಟ್ಟಾ ಬೇಗನೆ ಸಿಕ್ಕಿತು. ಅದರಲ್ಲಿ ಜಮೀನಿನ ಚಕ್ಕುಬಂದಿ ಹೀಗಿತ್ತು: ಹಳ್ಳದ ದಂಡೆಯ ಬಿಳಿ ಓಕ್ ಮರದಿಂದ ಉತ್ತರಕ್ಕೆ ಇಷ್ಟು ಕೋಲು, ಅಲ್ಲಿಂದ ಬುಗ್ಗೆಯ ಮೇಲಿನ ಎರಡು ಸೈಕಮೋರ್ ಮರಗಳಿಗೆ, ಅಲ್ಲಿಂದ ನೆರೆಯವನಾದ ಹಫ್‌ನ ಜಮೀನಿನ ಮೂಲೆಗೆ. ಕಂದಾಯದ ಪಟ್ಟಿಯಲ್ಲೂ ಜೋತಮ್ ಕೆಲವು ವರ್ಷ ತಪ್ಪದೆ ಇದ್ದ. ಆಮೇಲೆ ಇಲ್ಲ.

"ನೋಡು, ಓಡಿಹೋದ" ಎಂದಳು ಮಾರ್ವಾ.

ಒಲೀಟಾ ಪುಟ ತಿರುಗಿಸುತ್ತಾ ಹೋದಳು. ಗಂಡ ಬಿಟ್ಟುಹೋದರೆ ಕಂದಾಯಕ್ಕೆ ಹೆಂಡತಿಯ ಹೆಸರು ಬರಬೇಕಲ್ಲ? ತಬಿತಾಳೂ ಇರಲಿಲ್ಲ. ನೆರೆಯ ಹಫ್‌ನನ್ನು ನೋಡಿದಳು. ಅವನೂ ಅದೇ ವರ್ಷ ಮಾಯ. ಹಳ್ಳದ ಆಚೆಯವನು, ಅವನ ಆಚೆಯವನು, ಗಿರಣಿಯವನು, ಎಲ್ಲರೂ ಮಾಯ.

"ಮಾರ್ವಾ, ಕರಡಿಹಳ್ಳದ ಗಂಡಸರನ್ನೆಲ್ಲ ಒಬ್ಬಳೇ ವಿಧವೆ ಎತ್ತಾಕ್ಕೊಂಡ್ ಹೋದಳಾ?"

ಮಾರ್ವಾ ಜಗಿಯುವುದನ್ನು ನಿಲ್ಲಿಸಿದಳು. ಆಮೇಲೆ ಮೇಜು ತಟ್ಟಿದಳು. "ಅಯ್ಯೋ, ಗಡಿ ಕಣೇ! ಗಡಿ ಸರಿದಿದೆ!"

ಮೊದಲು ಗಡಿ ಅಳೆದವರು ಕಾಡಿನಲ್ಲಿ ದಿಕ್ಕು ತಪ್ಪಿ ಗೆರೆ ಸೊಟ್ಟಗೆ ಎಳೆದಿದ್ದರು. ಅದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆಮೇಲೆ ಬಂದವರು ಬೇರೆ ಗೆರೆ ಹಾಕಿದರು, ಕೌಂಟಿಗಳನ್ನೂ ಒಡೆದು ಹಂಚಿದರು. ಕರಡಿಹಳ್ಳದವರು ರಾತ್ರಿ ಕೆಂಟಕಿಯಲ್ಲಿ ಮಲಗಿ ಬೆಳಗ್ಗೆ ನೆರೆಯ ಟೆನೆಸಿ ರಾಜ್ಯದಲ್ಲಿ ಎದ್ದಿದ್ದರು. ಜೋತಮ್ ಎಲ್ಲಿಗೂ ಓಡಿರಲಿಲ್ಲ. ಅವನ ಕಾಲ ಕೆಳಗಿನ ರಾಜ್ಯವೇ ಎದ್ದು ಹೋಗಿತ್ತು.

ಒಲೀಟಾ ನಗತೊಡಗಿದಳು. ತಡೆಯಲು ಹೋದಷ್ಟೂ ಜಾಸ್ತಿಯಾಯಿತು. ಪಕ್ಕದ ಕೋಣೆಯಿಂದ ವಕೀಲರೊಬ್ಬರು ಬಂದು ಇಣುಕಿ ಹೋದರು. ಮರುದಿನವೇ ಕಾರು ತೆಗೆದು ಗಡಿಯಾಚೆಯ ಟೆನೆಸಿಯ ಕೌಂಟಿ ಕಚೇರಿಗೆ ಹೋದಳು. ಅಲ್ಲಿದ್ದರು ಎಲ್ಲರೂ: ಹಫ್, ಗಿರಣಿಯವನು, ತಬಿತಾ, ಜೋತಮ್. ಓಡಿಹೋದನೆಂದು ಹೆಸರಾದವನಿಗೆ ಅದೇ ಹೆಂಡತಿಯಲ್ಲಿ ಇನ್ನೂ ಐದು ಮಕ್ಕಳಾಗಿದ್ದವು. ಹಿರಿಯ ಮಗ ಮಾತ್ರ ಗಡಿಯ ಉತ್ತರಕ್ಕೆ, ಕೆಂಟಕಿಯ ಪೇಟೆಗೆ ಹೋಗಿ ನೆಲೆಸಿದ್ದ. ಒಲೀಟಾ ಅವನ ಸಂತತಿ. ಜೋತಮ್ ಮುದುಕನಾಗಿ ಸಾಯುವಾಗ ಒಳ್ಳೆಯ ಹಸು, ಹಾಸಿಗೆ, ಮನೆ ಎಲ್ಲವನ್ನೂ 'ನನ್ನ ಪ್ರೀತಿಯ ತಬಿತಾಳಿಗೆ' ಎಂದು ಬರೆಸಿದ್ದ. ಅದನ್ನು ಓದಿದಾಗ ಮಾತ್ರ ಒಲೀಟಾ ನಗಲಿಲ್ಲ. ಕರವಸ್ತ್ರ ಹುಡುಕಿದಳು.

ಇಷ್ಟಾದ ಮೇಲೆ ಆ ನೆಲವನ್ನು ಕಣ್ಣಾರೆ ನೋಡದೆ ಇರಲಾಗಲಿಲ್ಲ. ಕಾರ್ಖಾನೆಯಿಂದ ತಂದಿದ್ದ ತೆಳು ಕಾಗದದ ಮೇಲೆ ಚಕ್ಕುಬಂದಿಯಂತೆ ಜೋತಮನ ಜಮೀನನ್ನು ಬರೆದು, ಅಂಗಿಯ ತೋಳು ಕತ್ತರಿಸಿದಂತೆ ಕತ್ತರಿಸಿದಳು. ಹಫ್‌ನದನ್ನೂ ಗಿರಣಿಯವನದನ್ನೂ ಹಾಗೆಯೇ ಕತ್ತರಿಸಿ ಅಡುಗೆಮನೆ ಮೇಜಿನ ಮೇಲೆ ಜೋಡಿಸಿದಳು. ಹಳ್ಳದ ತಿರುವು ಈಗಿನ ನಕ್ಷೆಯ ತಿರುವಿಗೆ ಕೂಡಿತು. ಕಾಗದಗಳನ್ನು ಸುರುಳಿ ಸುತ್ತಿಕೊಂಡು ಮಾರ್ಚ್‌ನ ಒಂದು ಬೆಳಗ್ಗೆ ಹೊರಟಳು.

ಹಳ್ಳದ ಪಕ್ಕದ ಹುಲ್ಲುಗಾವಲಿನಲ್ಲಿ ಅವಳು ಕಾಗದ ಹಿಡಿದು ಅತ್ತಿತ್ತ ತಿರುಗುತ್ತಿದ್ದಾಗ, ಎತ್ತರದ ಮುದುಕನೊಬ್ಬ ಬೇಲಿಯ ಹತ್ತಿರ ಬಂದು ನಿಂತ.

"ಏನಮ್ಮಾ, ನನ್ ಹೊಲಕ್ಕೆ ಅಂಗಿ ಹೊಲಿಯೋಕ್ ಬಂದ್ರಾ?"

"ನಿಮ್ಮ ಹೊಲಾನಾ? ನಮ್ ಮುತ್ತಜ್ಜಂದು."

"ಹಾಗಾದ್ರೆ ಈ ವರ್ಷದ ಕಂದಾಯ ಅವರೇ ಕಟ್ತಾರಾ?"

ಅವನ ಹೆಸರು ವರ್ಲಿನ್ ಪೀವಿಹೌಸ್. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಕೆಲವು ದನ, ಒಂದು ಸಾಲು ಜೇನುಪೆಟ್ಟಿಗೆ, ಒಂದು ಪಿಟೀಲು ಇಟ್ಟುಕೊಂಡಿದ್ದ. ಒಲೀಟಾ ಕಾಗದ ಬಿಚ್ಚಿ ವಿವರಿಸಿದಾಗ ಅವನು ಬೇಲಿಯ ಮೇಲೆ ಮೊಣಕೈ ಊರಿ ಪೂರ್ತಿ ಕೇಳಿದ. ಕೇಳಿ, "ಬನ್ನಿ, ಒಂದು ತೋರಿಸ್ತೀನಿ" ಎಂದು ದಿಬ್ಬದ ಆಚೆಗೆ ಕರೆದೊಯ್ದ.

ಅಲ್ಲಿ ಮನೆಯಿಲ್ಲ, ಗೋಡೆಯಿಲ್ಲ, ಬರೀ ಹುಲ್ಲು. ಆದರೆ ಹುಲ್ಲಿನ ನಡುವೆ ಹಳದಿ ಡ್ಯಾಫೋಡಿಲ್ ಹೂಗಳು ನೆಟ್ಟಗೆ ಸಾಲಾಗಿ ಅರಳಿ ನಿಂತಿದ್ದವು, ಹೊಸಿಲ ಮುಂದೆ ಯಾರೋ ನೆಟ್ಟ ಹಾಗೆ. ಸ್ವಲ್ಪ ಕೆಳಗೆ ಕಲ್ಲು ಕಟ್ಟಿದ ಬುಗ್ಗೆ, ನೀರು ಇನ್ನೂ ಉಕ್ಕುತ್ತಿತ್ತು.

"ನಮ್ಮಪ್ಪ ಹುಲ್ಲು ಕೊಯ್ಯುವಾಗ ಇದನ್ನ ಬಿಟ್ಟು ಕೊಯ್ತಿದ್ರು. ನಾನೂ ಬಿಡ್ತೀನಿ" ಎಂದ ವರ್ಲಿನ್. "ಯಾರ್ ನೆಟ್ಟಿದ್ದು ಅಂತ ಮಾತ್ರ ಗೊತ್ತಿರ್ಲಿಲ್ಲ."

"ತಬಿತಾ" ಎಂದಳು ಒಲೀಟಾ. ಅದಕ್ಕೆ ಆಧಾರ ಏನೂ ಇರಲಿಲ್ಲ. ಆದರೂ ಅವನು ಟೋಪಿ ತೆಗೆದ. ಒಲೀಟಾಗೆ ಅವನು ಹಿಡಿಸಿದ್ದು ಆ ಗಳಿಗೆಯಲ್ಲಿ.

ಊರಿಗೆ ಮರಳಿ ಅತ್ತೆಗೆ ಎಲ್ಲ ಹೇಳಿದಳು. ಲುರೇನಾ ಮುಖ ಸಪ್ಪಗೆ ಮಾಡಿಕೊಂಡಳು. "ಹೋಯ್ತು ಬಿಡು. ನಮ್ ವಂಶದಲ್ಲಿ ಇದ್ದಿದ್ದು ಅದೊಂದೇ ಸ್ವಾರಸ್ಯ, ಅದನ್ನೂ ತೆಗ್ದ್ಯಲ್ಲೇ!"

"ಆ ವಿಧವೆ ಎಲ್ಲಿಂದ ಬಂದ್ಲು ಅತ್ತೆ?"

"ನಮ್ ಚಿಕ್ಕಜ್ಜ ಯಾವ್ದೋ ಕಾಲದಲ್ಲಿ ಕಂದಾಯದ ಪಟ್ಟಿ ನೋಡಿ, ಜೋತಮ್ ನಾಪತ್ತೆ ಅಂದ್ರು. ವಿಧವೇನ ನಮ್ಮಮ್ಮ ಸೇರಿಸಿದ್ಲು." ಮತ್ತೆ ದನಿ ತಗ್ಗಿಸಿ, "ಅವಳಿಗೆ ಕೆಂಪು ಲಂಗ ಉಡಿಸಿದ್ದು ನಾನು" ಎಂದಳು. ಆಮೇಲೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ವರ್ಲಿನ್ ಜೇನುತುಪ್ಪದ ಬಾಟಲಿ ಹಿಡಿದುಕೊಂಡು ಗಡಿ ದಾಟಿ ಬರತೊಡಗಿದ. ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಗಿರಣಿಯವನ ಜಾಗವನ್ನು ಇಬ್ಬರೂ ಸೇರಿ ಹುಡುಕಿದರು, ಹಫ್‌ನ ಮೂಲೆಯ ವಿಷಯಕ್ಕೆ ಜಗಳವಾಡಿದರು. ಇಷ್ಟು ಜೇನು ಒಬ್ಬಳಿಗೆ ಹೇಗೆ ಖರ್ಚಾಗುತ್ತದೆ ಎಂದು ಲುರೇನಾ ಒಂದು ದಿನ ನೇರವಾಗಿ ಕೇಳಿಬಿಟ್ಟಳು. ವರ್ಲಿನ್‌ನ ಕಿವಿ ಕೆಂಪಾಯಿತು. ಮುಂದಿನ ವಸಂತದಲ್ಲಿ ಬುಗ್ಗೆಯ ಪಕ್ಕದಲ್ಲೇ ಮದುವೆ ಎಂದು ನಿಶ್ಚಯವಾಯಿತು.

ಮದುವೆಯ ದಿನ ಎಲ್ಲರೂ ಬಂದರು. ಸೀಮೆಯ ಪದ್ಧತಿಯಂತೆ ಹೆಂಗಸರು ಒಬ್ಬೊಬ್ಬರೂ ಕೇಕಿನ ಒಂದೊಂದು ಪದರ ತಂದರು. ನಡುನಡುವೆ ಒಣಸೇಬಿನ ಪಾಕ ಸವರಿ ಒಂದರ ಮೇಲೊಂದು ಪೇರಿಸಿದಾಗ ಅದು ವಾಲುವ ಗೋಪುರದಂತೆ ನಿಂತಿತು. ಪಾದ್ರಿ ಪುಸ್ತಕ ತೆರೆದು, ಮದುವೆಯ ಸರ್ಕಾರಿ ಪರವಾನಗಿ ಪತ್ರ ನೋಡಿ, ಮತ್ತೆ ನೋಡಿ, ಕನ್ನಡಕ ಒರೆಸಿಕೊಂಡರು.

"ಒಲೀಟಾ, ಇದು ಕೆಂಟಕಿದಲ್ವಾ?"

"ಹೌದು. ಮಾರ್ವಾನೇ ಮುಂದೆ ನಿಂತು ಮಾಡಿಸಿಕೊಟ್ಳು."

"ಕೆಂಟಕಿ ಪರವಾನಗಿಗೆ ಕೆಂಟಕಿಯಲ್ಲೇ ಮದುವೆ ಆಗ್ಬೇಕಮ್ಮ. ನಾವು ನಿಂತಿರೋದು ಟೆನೆಸಿಯಲ್ಲಿ."

ಗಡಿಯ ಚರಿತ್ರೆಯನ್ನೆಲ್ಲ ಬಗೆದು ಹಾಕಿದ್ದ ಒಲೀಟಾ ತನ್ನ ಮದುವೆಯ ಹೊತ್ತಿಗೆ ಅದನ್ನು ಮರೆತಿದ್ದಳು. ಮಾರ್ವಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಗಡಿ ಎಲ್ಲಿದೆ?" ಎಂದು ಲುರೇನಾ ಕುರ್ಚಿಯಿಂದಲೇ ಗುಡುಗಿದಳು.

"ಆ ಬೇಲಿ" ಎಂದ ವರ್ಲಿನ್.

"ಬೇಲಿಯಲ್ಲ, ಅದರಾಚೆಯ ಓಕ್ ಮರ" ಎಂದಳು ಒಲೀಟಾ.

"ಐವತ್ತು ವರ್ಷದಿಂದ ಬೇಲಿ ಹಾಕ್ತಿರೋನು ನಾನು!"

"ಹಾಕಿದ್ದು ತಪ್ಪು ಜಾಗದಲ್ಲಿ!"

"ಮದುವೆಗೆ ಮುಂಚೇನೇ ಶುರುವಾಯ್ತಲ್ಲಪ್ಪ" ಎಂದರು ಪಾದ್ರಿ. "ಮರಕ್ಕಿಂತ ಆಚೆಗೇ ಹೋಗೋಣ. ಆಗ ಇಬ್ಬರ ಮಾತೂ ನಡೆಯುತ್ತೆ."

ಮದುವೆಯ ದಿಬ್ಬಣ ಹೊರಟಿತು. ಬೇಲಿಯ ಗೇಟು ತೆರೆದು ಒಬ್ಬೊಬ್ಬರೇ ದಾಟಿದರು. ಲುರೇನಾಳನ್ನು ಕುರ್ಚಿ ಸಮೇತ ನಾಲ್ಕು ಜನ ಹೊತ್ತರು. ಅವಳು ಮೆರವಣಿಗೆಯ ರಾಣಿಯ ಹಾಗೆ ಕೈ ಬೀಸುತ್ತಾ, "ನಿಧಾನಕ್ರೋ, ನಾನೇನು ಆಲೂಗಡ್ಡೆ ಮೂಟೆ ಅಲ್ಲ!" ಎಂದು ಕೂಗಿದಳು. ವರ್ಲಿನ್‌ನ ಹಸುಗಳೂ ಏನೋ ತಿನ್ನಲು ಸಿಗುತ್ತದೆಂದು ಹಿಂದೆಯೇ ಬಂದವು. ಓಕ್ ಮರ ದಾಟಿ, ರಸ್ತೆಯ ಅಂಚಿನಲ್ಲಿ, ಹಸುಗಳ ಮುಂದೆ, ಒಲೀಟಾಗೂ ವರ್ಲಿನ್‌ಗೂ ಮದುವೆಯಾಯಿತು. ಹಾದುಹೋದ ಲಾರಿಯವನು ಹಾರನ್ ಬಾರಿಸಿ ಹಾರೈಸಿದ.

ಕೇಕನ್ನು ಹೊತ್ತು ತರುವ ಧೈರ್ಯ ಯಾರಿಗೂ ಇರಲಿಲ್ಲ. ಅದು ಬುಗ್ಗೆಯ ಬಳಿಯೇ ಉಳಿದಿತ್ತು. ಹಾಗಾಗಿ ಕೆಂಟಕಿಯಲ್ಲಿ ಮದುವೆಯಾದವರು ಟೆನೆಸಿಗೆ ಮರಳಿ ಊಟಕ್ಕೆ ಕುಳಿತರು. ಹುರಿದ ಕೋಳಿ, ಬೀನ್ಸ್, ಜೋಳದ ರೊಟ್ಟಿ, ವರ್ಲಿನ್‌ನ ಜೇನು. ಊಟವಾದ ಮೇಲೆ ಮದುಮಗನೇ ಪಿಟೀಲು ಎತ್ತಿಕೊಂಡ. ಮದುಮಗಳು ಬೂಟು ಕಳಚಿಟ್ಟು ಹುಲ್ಲಿನ ಮೇಲೆ ಕುಣಿದಳು. ಮಾರ್ವಾ ತಟ್ಟೆ ಹಿಡಿದುಕೊಂಡೇ ಅವಳ ಜೊತೆಗೂಡಿದಳು. ಪಾದ್ರಿಗೆ ಕೇಕಿನ ಎರಡನೇ ತುಂಡು ಸಿಕ್ಕಿತು, ಲುರೇನಾಗೆ ಮೂರನೆಯದು.