ರೊಟ್ಟಿ ಮುರಿಯುವ ಮುನ್ನಾದಿನ

ನಲವತ್ತೊಂದು ಸೆಕೆಂಡು. ನರಗುಂದದ ಸೋದರಮಾವ ಮಾಡಿದ್ದ ಕರೆಯ ಅವಧಿ ನನ್ನ ಮೊಬೈಲಿನಲ್ಲಿ ಹಾಗೇ ಉಳಿದಿತ್ತು. ನಾಲ್ಕು ದಿನವಾದರೂ ಅಳಿಸಿರಲಿಲ್ಲ, ಅವ್ವನಿಗೆ ಹೇಳಿಯೂ ಇರಲಿಲ್ಲ. “ಸುಶೀಲಾಗ ಒಂದ್ ಸಲ ಬಂದ್ ಹೋಗು ಅನ್ನವಾ. ನನಗ ಆರಾಮಿಲ್ಲ,” ಎಂದಿದ್ದರು. ಸುಶೀಲಾ ಎಂದರೆ ಅವ್ವ. ಅವರ ಒಬ್ಬಳೇ ತಂಗಿ. “ಹೇಳ್ತೀನ್ರಿ” ಎಂದು ಫೋನ್ ಇಟ್ಟಿದ್ದೆ. ಎಂ.ಎ. ಓದಿದವಳ ಸೌಜನ್ಯ ನೋಡಿ, ಹಗೆ ಸಾಧಿಸುವಾಗಲೂ ‘ರಿ’ ಬಿಡುವುದಿಲ್ಲ.

ಹಗೆ ಯಾಕೆಂದು ಹೇಳಬೇಕಾದರೆ ನಿಮ್ಮನ್ನು ರೋಣದ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಕರೆದೊಯ್ಯಬೇಕು. ತಿಂಗಳ ಮೊದಲ ಭಾನುವಾರ ಅಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಂಡು ತಿನ್ನುವುದು. ಹಿಂದಿನ ಸಂಜೆ ಸಭೆಯ ಹಿರಿಯರೊಬ್ಬರು ಮನೆಮನೆಗೆ ಬಂದು, ಯಾರ ಮೇಲಾದರೂ ಸಿಟ್ಟಿದೆಯೇ ಎಂದು ಕೇಳುತ್ತಾರೆ. ಸಿಟ್ಟು ಇಟ್ಟುಕೊಂಡು ಆ ರೊಟ್ಟಿ ಮುಟ್ಟುವಂತಿಲ್ಲ. ಅವರು ನಿವೃತ್ತ ಬಸ್ ಕಂಡಕ್ಟರು. ಟಿಕೆಟ್ ಆಯಿತೇ ಎಂಬ ಧಾಟಿಯಲ್ಲೇ ಕೇಳುತ್ತಾರೆ. ನಾವೂ ‘ಇಲ್ರಿ’ ಎಂದು ಮುಗಿಸುತ್ತೇವೆ.

ಅವ್ವ ಮಾತ್ರ ಒಮ್ಮೆ ‘ಐತ್ರಿ’ ಎಂದಳು. ಆಗ ನನಗೆ ಹತ್ತು ವರ್ಷ. ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತಳಾದ ಮೇಲೆ ತವರಿನವರು ಅವಳನ್ನು ಕರೆಯುತ್ತಿರಲಿಲ್ಲ. ಅಜ್ಜ ತೀರಿಕೊಂಡ ಸುದ್ದಿ ಕೇಳಿ, ನನ್ನ ಕೈಹಿಡಿದು ನರಗುಂದಕ್ಕೆ ಓಡಿದ್ದಳು. ಮಾವ ಹೊಸ್ತಿಲಲ್ಲೇ ಅಡ್ಡ ನಿಂತರು. “ಅಪ್ಪ ಇದ್ದಾಗ ಬಿಟ್ಟು ಹೋದಾಕಿ, ಈಗ ಏನ್ ನೋಡಾಕ ಬಂದಿ?” ಅಳುತ್ತಲೇ ಅಂದರು, ಅವರು ಅಳುತ್ತಿದ್ದುದನ್ನು ನೆನೆಯಲು ನನಗೆ ಇಷ್ಟವಿಲ್ಲ. ಅವ್ವ ತನ್ನ ಅಪ್ಪನ ಮುಖವನ್ನು ಕೊನೆಗೂ ನೋಡಲಿಲ್ಲ.

ಆಮೇಲೆ ನಾಲ್ಕು ವರ್ಷ ರೊಟ್ಟಿಯ ತಟ್ಟೆ ಅವಳ ಮುಂದೆ ಸುಮ್ಮನೆ ದಾಟಿಹೋಯಿತು. ಸಭೆಯಲ್ಲಿ ಗುಸುಗುಸು, ನನಗೆ ಅವಮಾನ. ಎಲ್ಲರಂತೆ ‘ಇಲ್ರಿ’ ಅಂದುಬಿಡು ಎಂದು ಅಂಗಲಾಚಿದೆ.

“ತವರುಮನಿ ಬಿಟ್ಟಾಗ ಇಷ್ಟು ತ್ರಾಸ ಆಗಿದ್ದಿಲ್ಲ,” ಎಂದಳು. “ಯೇಸುಸ್ವಾಮಿ ಹಿಂದ ಹೊಂಟೀನಂದ್ರ ಈ ಸಿಟ್ಟನೂ ಬಿಡಬೇಕು, ಗೊತ್ತೈತಿ. ಮೈತೊಗಲು ಸುಲದಂಗ ಆಗತೈತಿ. ಇನ್ನೂ ಬಿಟ್ಟಿಲ್ಲ. ಬಿಟ್ಟೀನಿ ಅಂತ ಸುಳ್ಳು ಹ್ಯಾಂಗ ಹೇಳಲಿ?”

ಒಂದು ಶನಿವಾರ ಜೋಳ ಹಸನು ಮಾಡುತ್ತಾ, ತಲೆ ಎತ್ತದೆ, “ಈಗ ಇಲ್ರಿ” ಎಂದಳು. ಹೇಗೆ ಬಿಟ್ಟಳೆಂದು ಯಾರಿಗೂ ಹೇಳಲಿಲ್ಲ. ಅವಳು ಕೆಳಗಿಟ್ಟದ್ದನ್ನು ನಾನು ಎತ್ತಿಕೊಂಡಿದ್ದೆ ಎಂಬುದು ಅವಳಿಗೆ ಗೊತ್ತಾಗಲೂ ಇಲ್ಲ.

ಕಳೆದ ಶನಿವಾರವೂ ಹಿರಿಯರು ಬಂದರು. ಅವ್ವ ‘ಇಲ್ರಿ’ ಎಂದಳು, ನಾನೂ ಅಂದೆ. ಅವರು ಹೊಸ್ತಿಲಾಚೆ ಚಪ್ಪಲಿ ಮೆಟ್ಟುವುದನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ಅಣ್ಣ ಹಾಸಿಗೆಯ ಮೇಲೆ, ತಂಗಿ ಹೊರಗೆ. ಈ ಸಲ ಹೊಸ್ತಿಲಲ್ಲಿ ಅಡ್ಡ ನಿಂತವಳು ನಾನು.

ಮರುದಿನ ಮುಂಜಾನೆ ಅವ್ವ ಸಭೆಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಹೇಳಿದೆ. ಯಾವತ್ತು ಫೋನ್ ಬಂದಿತ್ತು ಎಂದು ಕೇಳಿದಳು. ಮಂಗಳವಾರ ಎಂದೆ. ನೆರಿಗೆ ಕೈಯಲ್ಲೇ ನಿಂತಿತು.

“ಅಣ್ಣನ ಜೀವ ಐತೋ ಇಲ್ಲೋ,” ಎಂದು ನೆರಿಗೆ ಸಿಕ್ಕಿಸಿ, ಸಭೆ ಬಿಟ್ಟು ನರಗುಂದಕ್ಕೆ ಹೊರಟಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಬಸ್ ನಿಲ್ದಾಣದ ದಾರಿಯಲ್ಲೇ ಹಿರಿಯರ ಮನೆ. ಅವ್ವ ನಿಲ್ಲಲಿಲ್ಲ, ನಾನು ನಿಂತು ಬಾಗಿಲು ಬಡಿದೆ. ಅರ್ಧ ಗಡ್ಡ ಬೋಳಿಸಿದ್ದ ಹಾಗೇ ಹೊರಬಂದರು.

“ನಿನ್ನಿ ಸುಳ್ಳು ಹೇಳೀನ್ರಿ,” ಎಂದೆ. “ನನಗ ಸಿಟ್ಟು ಐತ್ರಿ.”

ಉತ್ತರಕ್ಕೆ ಕಾಯದೆ, ಅವ್ವನ ಹಿಂದೆ ನರಗುಂದದ ಬಸ್ಸಿಗೆ ಓಡಿದೆ.