ಎಂಟು ಊರಿನ ಕೋಳಿಗಳು

ಕಂಡಕ್ಟರ್ ಕಾಕಾ ನಿಲ್ಲುವಾಗ ಎರಡು ಕಾಲುಗಳ ನಡುವೆ ಒಂದು ಗೇಣು ಜಾಗ ಬಿಟ್ಟು, ಮೊಣಕಾಲು ಸ್ವಲ್ಪ ಸಡಿಲ ಮಾಡಿ, ಹೆಗಲನ್ನು ಏನಕ್ಕಾದರೂ ಒರಗಿಸಿ ನಿಲ್ಲುತ್ತಿದ್ದರು. ಅಂಗಳದ ಬೇವಿನ ಗಿಡವೋ, ಹಾಲಿನ ಡೇರಿಯ ಕಂಬವೋ, ಒರಗುವುದಕ್ಕೆ ಏನಾದರೂ ಬೇಕು. ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತ ದೇಹ ಅದು. ನೆಲ ಅಲುಗಾಡುವುದಿಲ್ಲ ಎಂಬ ನಂಬಿಕೆ ನಿವೃತ್ತಿಯಾದ ಮೇಲೂ ಅದಕ್ಕೆ ಬಂದಿರಲಿಲ್ಲ. ಒರಗುತ್ತಿದ್ದದ್ದು ಎಡ ಹೆಗಲು ಎಂದು ನನ್ನ ಕಣ್ಣಿಗೆ ಕಟ್ಟಿದೆ. ಅವರ ಹೆಂಡತಿ, ನಮಗೆಲ್ಲ ಕಾಕು, ಬಲ ಹೆಗಲು ಅನ್ನುತ್ತಾರೆ. ಅಂಗಿ ಅಲ್ಲೇ ಮೊದಲು ಸವೆಯುತ್ತಿತ್ತಂತೆ. ಒಗೆದವರ ಮಾತನ್ನೇ ನಂಬಬೇಕು.

ಕುಬಿಹಾಳದಲ್ಲಿ ಅವರದು ನಮ್ಮ ಬಾಜೂ ಮನೆ. ಅಂಗಳದಲ್ಲಿ ಎಂಟು ಕೋಳಿ, ಒಂದು ಹುಂಜ. ಯಾವ ಊರಿನಿಂದ ತಂದರೋ ಆ ಊರೇ ಕೋಳಿಯ ಹೆಸರು: ಶಲವಡಿ, ನವಲಗುಂದ, ಅಣ್ಣಿಗೇರಿ, ಹೀಗೆ ಕಲಘಟಗಿಯವರೆಗೆ. ಹುಂಜಕ್ಕೆ ಮಾತ್ರ ಡ್ರೈವರ್ ಎಂದು ಹೆಸರು. “ಹಾರ್ನ್ ಹೊಡಿಯೂದಷ್ಟ ಅಂವನ ಕೆಲಸ. ಗಾಡಿ ಎಲ್ಲಿ ನಿಂದ್ರಬೇಕು ಅನ್ನೂದು ಶಲವಡಿ ಕೈಯಾಗ ಐತಿ” ಅನ್ನುತ್ತಿದ್ದರು.

ಆ ವರ್ಷ ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಬಂದಿದ್ದೆ. ಹೊರಗೆ ಕಾಲಿಟ್ಟರೆ ಸಾಕು, “ಡಾಕ್ಟರ್ ಆದೇನಪಾ?” ಎಂದು ಕೇಳುವವರು. ಹಾಗಾಗಿ ನಮ್ಮ ಮನೆಯ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇರುತ್ತಿದ್ದೆ. ಅದರ ಕಿಟಕಿ ಕಾಕಾನ ಅಂಗಳಕ್ಕೆ ತೆರೆಯುತ್ತಿತ್ತು. ಮಾಡಲು ಬೇರೆ ಕೆಲಸವಿಲ್ಲದೆ, ಯಾವ ಕೋಳಿ ಯಾವುದನ್ನು ಕುಟುಕುತ್ತದೆ ಎಂದು ಒಂದು ವಹಿಯಲ್ಲಿ ಗೆರೆ ಎಳೆದು ಬರೆದುಕೊಳ್ಳತೊಡಗಿದೆ. ಶಲವಡಿ ಎಲ್ಲರನ್ನೂ ಕುಟುಕುತ್ತಿತ್ತು, ಅದನ್ನು ಯಾರೂ ಕುಟುಕುತ್ತಿರಲಿಲ್ಲ. ನವಲಗುಂದ ಶಲವಡಿಯೊಂದನ್ನು ಬಿಟ್ಟು ಉಳಿದ ಆರನ್ನು. ಎಲ್ಲರ ಕೈಯಲ್ಲೂ ಕುಟುಕಿಸಿಕೊಳ್ಳುತ್ತಿದ್ದದ್ದು ಕಲಘಟಗಿ. ಹದಿನೈದು ದಿನಕ್ಕೆ ನನ್ನ ಪಟ್ಟಿ ತಯಾರಾಯಿತು. ದೊಡ್ಡದೊಂದು ಶೋಧನೆಯಾಯಿತು ಎಂದುಕೊಂಡು ಕಿಟಕಿಯಿಂದಲೇ ಕಾಕಾನಿಗೆ ತೋರಿಸಿದೆ.

ಅವರು ವಹಿಯನ್ನು ದೂರ ಹಿಡಿದು ನೋಡಿದರು.

“ಇದಕ್ಕ ಹದಿನೈದು ದಿನ ಬೇಕಾತೇನೋ ತಮ್ಮಾ? ಒಂದ ಹಿಡಿ ಜ್ವಾಳ ಒಗದಿದ್ರ ಹದಿನೈದು ಉಸಿರಿನ್ಯಾಗ ತಿಳೀತಿತ್ತು. ಯಾರ ಬಂದ ಕೂಡ್ಲೆ ಯಾರ ಬಾಜೂಕ ಸರೀತಾರ, ನೋಡೂದಷ್ಟ.”

ಬಸ್ಸಿನಲ್ಲಿ ಕಲಿತದ್ದೇ ಅವರಿಗೆ ಇಲ್ಲೂ ಸಾಕಾಗುತ್ತಿತ್ತು. ಬೆಳಿಗ್ಗೆ ಗೂಡಿನ ಬಾಗಿಲು ತೆರೆದು ಒಂದೊಂದೇ ಕೋಳಿಯನ್ನು ಹೊರಗೆ ಬಿಡುವಾಗ ಅದರ ಕೊರಳ ಬುಡವನ್ನು ಎರಡು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಕೋಳಿ ತಿಂದ ಕಾಳು ಮೊದಲು ತುಂಬಿಕೊಳ್ಳುವ ಚೀಲ ಅಲ್ಲಿರುತ್ತದೆ. ರಾತ್ರಿಯಿಡೀ ಅದು ಕರಗಿ ಬೆಳಿಗ್ಗೆ ಬರಿದಾಗಿರಬೇಕು. “ಡ್ಯೂಟಿ ಹತ್ತೂ ಮುಂದ ಚೀಲ ಖಾಲಿ ಇರಬೇಕು. ನಂದೂ ಅಷ್ಟ, ಇವುರದೂ ಅಷ್ಟ” ಅನ್ನುತ್ತಿದ್ದರು. ಊರಿನವರು ಜಡ್ಡಾದ ಕೋಳಿಗಳನ್ನು ಅವರಲ್ಲಿಗೆ ತರುತ್ತಿದ್ದರು. ತರದವರೇ ಹೆಚ್ಚು. ಕೋಳಿ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯಿತು ಅಂದರೆ, ಸಾಯುವ ಮೊದಲೇ ಕೊಯ್ದುಬಿಡುವುದು ನಮ್ಮ ಕಡೆಯ ರೂಢಿ. ಔಷಧಿಗಿಂತ ಮಸಾಲೆ ಮನೆಯಲ್ಲಿ ತಯಾರಿರುತ್ತದೆ.

ಒಂದು ಬೆಳಿಗ್ಗೆ ಶಲವಡಿಯ ಚೀಲ ಗಟ್ಟಿಯಾಗಿ ಕೈಗೆ ಹತ್ತಿತು. ಒಣಹುಲ್ಲು ನುಂಗಿತ್ತೋ, ಹುರಿ ನುಂಗಿತ್ತೋ, ಒಳಗೆ ಲಿಂಬೆಹಣ್ಣಿನಷ್ಟು ಗಂಟು. ಕಾಕು ಒಳಗಿನಿಂದಲೇ ತೀರ್ಪು ಕೊಟ್ಟರು.

“ಇವತ್ತ ಕೊಯ್ದ್ರ ಸಾರಾಗ್ತೈತಿ, ನಾಳೆ ಸತ್ರ ತಿಪ್ಪಿಗೆ. ನೀವ ಇಚಾರ ಮಾಡ್ರಿ.”

ಕಾಕಾನಿಗೆ ಅದು ನಿವೃತ್ತಿಯಾದ ವಾರ ತಂದ ಮೊದಲ ಕೋಳಿ. ಕಾವಿಗೆ ಕೂತರೆ ಹದಿಮೂರು ತತ್ತಿಗೆ ಹದಿಮೂರೂ ಮರಿ ತೆಗೆಯುತ್ತಿತ್ತು. ಆದರೆ ಅವತ್ತೇ ಅವರು ಅಣ್ಣಿಗೇರಿಗೆ ಹೋಗಲೇಬೇಕಿತ್ತು. ಮಗಳು ಮನೆ ಬದಲಿಸುತ್ತಿದ್ದಳು, ಸಾಮಾನು ಸಾಗಿಸಿ, ಸುಣ್ಣ ಹೊಡೆಸಿ ಬರಬೇಕು. ಕೋಳಿಯನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟರು.

“ಕಾಳ ಬ್ಯಾಡ. ನಾಕ ಹನಿ ಎಣ್ಣಿ ಕುಡಿಸು, ಸ್ವಲ್ಪ ನೀರ ಕುಡಿಸು, ಚೀಲಾ ಮೆತ್ತಗ ತಿಕ್ಕು. ಚೂರಿ ಹತ್ತರ ಬಿಡಬ್ಯಾಡ.”

ಅಂಗಳದಲ್ಲೇ ಬುಟ್ಟಿ ಮುಚ್ಚಿಡು ಎಂದೂ ಹೇಳಿದರು ಎಂದು ನನಗೆ ನೆನಪು. ವಹಿಯಲ್ಲಿ ಆ ಮಾತಿಲ್ಲ. ಅವರು ಹೇಳಿಯೂ ನಾನು ಕೇಳಲಿಲ್ಲವೋ, ಮುಂದೆ ಆದದ್ದಕ್ಕೆ ನಾಚಿ ನಾನೇ ಆ ಮಾತನ್ನು ಅವರ ಬಾಯಿಗೆ ಹಾಕಿದೆನೋ, ಹೇಳಲಾರೆ. ನಾನು ಓದಿದ್ದ ಪುಸ್ತಕದಲ್ಲಂತೂ ಜಡ್ಡಾದ ಕೋಳಿಯನ್ನು ಬೇರೆ ಇಡಬೇಕು ಎಂದಿತ್ತು. ಅಂಟುಜಾಡ್ಯಕ್ಕೆ ಹೇಳಿದ ಮಾತನ್ನು ಚೀಲ ಕಟ್ಟಿದ್ದಕ್ಕೂ ಹಚ್ಚಿ, ಅದನ್ನು ನನ್ನ ಕೋಣೆಯೊಳಗೆ ಇಟ್ಟುಕೊಂಡೆ. ಮೂರನೆಯ ದಿನಕ್ಕೆ ಗಂಟು ಕರಗಿತು. ಇರಲಿ, ಪೂರ್ತಿ ಚೇತರಿಸಿಕೊಳ್ಳಲಿ ಎಂದು ಮತ್ತೆ ಆರು ದಿನ ಮೊಸರನ್ನ ಹಾಕಿ ಸಾಕಿದೆ. ನಾನೂ ಒಳಗೆ, ಅದೂ ಒಳಗೆ. ಇಬ್ಬರಿಗೂ ಹಿತವಾಗಿತ್ತು.

ಹತ್ತನೆಯ ದಿನ, ಗುರುವಾರ ಬೆಳಿಗ್ಗೆ, ಗುಣಪಡಿಸಿದ ಹೆಮ್ಮೆಯಿಂದ ಅದನ್ನು ಅಂಗಳಕ್ಕೆ ಬಿಟ್ಟೆ. ಶಲವಡಿ ಹಳೆಯ ಗತ್ತಿನಲ್ಲೇ ಕಾಳಿನ ನಡುವೆ ಹೋಗಿ ನಿಂತಿತು. ನವಲಗುಂದ ತಲೆ ಎತ್ತಿ ನೋಡಿತು. ಮರುಕ್ಷಣ ಅದರ ಬೆನ್ನೇರಿತ್ತು. ಆಮೇಲೆ ಉಳಿದವೂ ಬಂದವು. ಹುಟ್ಟಿದಾಗಿನಿಂದ ಯಾರನ್ನೂ ಕುಟುಕಿರದ ಕಲಘಟಗಿ ಸಹ ಓಡಿಬಂದು ಒಂದು ಏಟು ಕೊಟ್ಟು ಹೋಯಿತು. ನಾನು ಬಿಡಿಸುವಷ್ಟರಲ್ಲಿ ಶಲವಡಿಯ ಜುಟ್ಟಿನಿಂದ ರಕ್ತ ಇಳಿಯುತ್ತಿತ್ತು.

ಕಾಕು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಒಂಬತ್ತು ದಿನ ಮಾರಾಣಿ ಮಾಡಿ ಕುಂಡ್ರಿಸಿದಿ. ಇವುರಿಗೆ ಅಕಿ ಗುರುತ ಎಲ್ಲೆ ಉಳಿದಿರ್ತೈತೋ ಹುಚ್ಚಪ್ಪ? ಇರ್ಲಿ ಬಿಡು. ರವಿವಾರ ಅಳಿಯ ಬರಾಂವ ಅದಾನ.”

ಮಧ್ಯಾಹ್ನದ ಬಸ್ಸಿಗೆ ಕಾಕಾ ಬಂದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಕೋಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತರು.

“ಎಷ್ಟ ದಿನ ಒಳಗ ಇಟ್ಟಿದ್ದಿ?”

“ಒಂಬತ್ತರಿ.”

“ನಂದ ಮೂರ ತಿಂಗಳಾಗಿತ್ತು. ಕಾಮಣಿ ಆಗಿ ಕಣ್ಣೆಲ್ಲ ಹಳದಿ, ಹಾಸಿಗಿ ಹಿಡದಿದ್ದೆ. ತಿರುಗಿ ಡ್ಯೂಟಿಗೆ ಹೋದ್ನೆಪಾ, ನನ್ನ ರೂಟಿನ್ಯಾಗ ನನ್ನ ಸೀಟಿ ಕೇಳವ್ರ ಇಲ್ಲ. ಡ್ರೈವರ ನಾ ಊದೂಕಿಂತ ಮೊದಲ ಗಾಡಿ ಬಿಡ್ತಿದ್ದ. ದಿನಾ ಬರೂ ಮುದುಕಿ, ‘ಆ ಹೊಸಾ ಕಂಡಕ್ಟರ್ ಎಲ್ಲೆದಾನ, ಅಂವ ಚೊಲೊ ಇದ್ದ’ ಅಂತ ನನ್ನ ಮುಂದನ ಕೇಳ್ತಿದ್ಲು.”

“ನೀವ ಏನ್ ಮಾಡಿದ್ರಿ?”

“ಏನ ಮಾಡ್ತಿ. ದಿನಾ ಹೋಗಿ ಬಾಗಲದಾಗ ನಿಂತೆ. ನೋಡಿ ನೋಡಿ ಅವುರಿಗೂ ಸಾಕಾತು.”

ಅಷ್ಟು ಹೇಳಿ ಎದ್ದು ಕಾಕುವಿನ ರೊಟ್ಟಿಯ ಹಂಚಿನ ಹಿಂಬದಿಯಿಂದ ಮಸಿ ಕೆರೆದು, ಎಣ್ಣೆಯಲ್ಲಿ ಕಲಸಿ, ಶಲವಡಿಯ ಗಾಯಕ್ಕೆ ಬಳಿದರು. ಕೆಂಪು ಕಂಡರೆ ಕೋಳಿಗಳು ಬಿಡುವುದಿಲ್ಲ, ಕಪ್ಪಾದರೆ ಮರೆಯುತ್ತವೆ. ಆಮೇಲೆ ಅಂಗಳದ ನಟ್ಟನಡುವೆ ಅದನ್ನು ಕೂರಿಸಿ ಬಿದಿರಿನ ಬುಟ್ಟಿ ಮುಚ್ಚಿದರು. ಬುಟ್ಟಿಯ ಅಂಚಿಗೆ ಹತ್ತಿಕೊಂಡಂತೆ ಸುತ್ತಲೂ ಜೋಳ ಚೆಲ್ಲಿದರು. ತಿನ್ನಬೇಕೆಂದರೆ ಶಲವಡಿಯ ಮುಖಕ್ಕೆ ಮುಖ ಕೊಟ್ಟೇ ತಿನ್ನಬೇಕು, ಆದರೆ ಬಿದಿರಿನ ಆಚೆ ಕೊಕ್ಕು ಮುಟ್ಟದು.

“ರವಿವಾರದ ಮಾತೇನ್ರಿ?” ಎಂದರು ಕಾಕು.

“ರವಿವಾರ ಮುಂಜಾನೆ ಬುಟ್ಟಿ ತಗೀತೀನಿ. ಒಂದ ಹನಿ ರಕ್ತ ಬಂತಂದ್ರ ಕೋಳಿ ನಿಂದು. ಬರಲಿಲ್ಲಂದ್ರ ನಂದು.”

“ಮಾತಿಗೆ ತಪ್ಪಬಾರ್ದು ಮತ್ತ.”

“ನಾ ಯಾವಾಗ ತಪ್ಪೇನಿ?”

“ಹೇಳ್ಲಿ ಏನು?” ಎಂದು ಕಾಕು ಒಳಗೆ ಹೋದರು.

ಆಗ ಕಾಕಾ ಮಾಡಿದ ಕೆಲಸ ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ನವಲಗುಂದವನ್ನು ಹಿಡಿದು ಕಂಕುಳಲ್ಲಿ ಇರುಕಿಕೊಂಡು ನನ್ನ ಕಿಟಕಿಗೆ ಬಂದರು.

“ಇಕಿ ಸಸ್ಪೆಂಡ್ ಆಗ್ಯಾಳ. ನಿನ್ನ ರೂಮಿನ್ಯಾಗ ಇರ್ಲಿ. ಇಕಿ ಇಲ್ಲದಿದ್ರ ಉಳಿದವ್ರಿಗೆ ಅಷ್ಟ ಉರುಪು ಇರಂಗಿಲ್ಲ. ತಿರುಗಿ ಬರೂದ್ರಾಗ ಇಕಿನೂ ಹೊಸಬಳ ಆಗಿರ್ತಾಳ.”

ನವಲಗುಂದ ನನ್ನ ಕೋಣೆಯನ್ನು ಒಂದು ತಾಸಿನಲ್ಲಿ ವಶಪಡಿಸಿಕೊಂಡಿತು. ಗೋಡೆಯ ಕನ್ನಡಿಯಲ್ಲಿ ಇನ್ನೊಂದು ಕೋಳಿಯನ್ನು ಕಂಡು ಅದರ ಜೊತೆ ಅರ್ಧ ತಾಸು ಜಗಳವಾಡಿತು. ಗೆದ್ದಿತು ಎಂದು ಕಾಣುತ್ತದೆ, ಆಮೇಲೆ ಮೇಜಿನ ಮೇಲೆ, ನನ್ನ ಸಂಶೋಧನೆಯ ಎರಡನೆಯ ಅಧ್ಯಾಯದ ಮೇಲೆ ಕೂರತೊಡಗಿತು. ಆ ಅಧ್ಯಾಯದ ಬಗ್ಗೆ ನನ್ನ ಮಾರ್ಗದರ್ಶಕರೂ ಅಷ್ಟು ನೇರವಾಗಿ ಅಭಿಪ್ರಾಯ ತಿಳಿಸಿರಲಿಲ್ಲ. ನಾನು ಕುರ್ಚಿಗೆ ಹೋದರೆ ಪಾದಕ್ಕೆ ಕುಟುಕುತ್ತಿತ್ತು. ಬೇರೆ ದಾರಿಯಿಲ್ಲದೆ ಹೊರಬಂದು ಕಾಕಾನ ಕಟ್ಟೆಯ ಮೇಲೆ ಕೂತೆ.

ಮೊದಲ ದಿನ ದಾರಿಯಲ್ಲಿ ಹೋಗುವವರು ಮೂವರು ಕೇಳಿದರು: “ಡಾಕ್ಟರ್ ಆದೇನಪಾ?” ಇಲ್ಲ, ಬಿಟ್ಟುಬಂದೆ ಅಂದೆ. ಎರಡನೆಯ ದಿನ ಒಬ್ಬ ಕೇಳಿದ. ಮೂರನೆಯ ದಿನ ಎಲ್ಲರೂ ಕೇಳಿದ್ದು ಕೋಳಿಯ ಸುದ್ದಿ. ಗಂಡಹೆಂಡತಿಯ ಪಂದ್ಯ ಊರಿಗೆಲ್ಲ ಗೊತ್ತಾಗಿತ್ತು.

ರವಿವಾರ ಬೆಳಿಗ್ಗೆ ಅಳಿಯ ಬಂದ. ಕಾಕು ಉಳ್ಳಾಗಡ್ಡಿ ಹೆಚ್ಚಿ, ಚೂರಿ ಪಕ್ಕಕ್ಕಿಟ್ಟು ಬಾಗಿಲಲ್ಲಿ ಕೂತರು. ಕಾಕಾ ಜೋಳ ಚೆಲ್ಲಿ, ಬೇವಿಗೆ ಒರಗಿ ನಿಂತು, ಕಾಲಿನಿಂದಲೇ ಮೆಲ್ಲಗೆ ಬುಟ್ಟಿ ಸರಿಸಿದರು.

ಶಲವಡಿ ಹೊರಗೆ ಬಂದು ನಿಂತಿತು. ಅಣ್ಣಿಗೇರಿ ಕತ್ತು ಚಾಚಿ ಬಂತು. ಕಾಕಾನ ಮೊಣಕಾಲು ಇನ್ನಷ್ಟು ಬಗ್ಗಿತು, ಬಸ್ಸು ತಿರುವಿಗೆ ಬಂದಂತೆ. ಅಣ್ಣಿಗೇರಿ ಶಲವಡಿಯ ಹೆಗಲಿಗೆ ಒಂದು ಸಲ ಕುಟುಕಿತು. ತಿಂಗಳ ಹಿಂದಾಗಿದ್ದರೆ ಶಲವಡಿ ಅದರ ಪುಕ್ಕ ಕಿತ್ತಿರುತ್ತಿತ್ತು. ಈಗ ತಲೆ ತಗ್ಗಿಸಿ ಎರಡು ಹೆಜ್ಜೆ ಹಿಂದೆ ಸರಿಯಿತು. ಇನ್ನೊಂದು ಕೋಳಿ ಬಂತು, ಅದಕ್ಕೂ ಸರಿಯಿತು. ಮತ್ತೊಂದು ಬಂದು, ಮೂಸಿದಂತೆ ಮಾಡಿ, ಜೋಳಕ್ಕೆ ಮರಳಿತು. ಕಲಘಟಗಿ ಹತ್ತಿರ ಬಂದಾಗ ಮಾತ್ರ ಶಲವಡಿ ಕೊಕ್ಕು ಎತ್ತಿತು, ಅಷ್ಟಕ್ಕೇ ಅದು ಓಡಿತು. ಆಮೇಲೆ ಗುಂಪಿನ ಅಂಚಿನಲ್ಲಿ ಶಲವಡಿ ಒಂದು ಕಾಳು ಹೆಕ್ಕಿ ತಿಂದಿತು.

ಕಾಕು ಬಂದು ಅದನ್ನು ಎತ್ತಿ, ಜುಟ್ಟು ತಿರುಗಿಸಿ, ರೆಕ್ಕೆ ಬಿಡಿಸಿ ಪರೀಕ್ಷೆ ಮಾಡಿದರು. ರಕ್ತವಿರಲಿಲ್ಲ.

“ತತ್ತಿ ಪಲ್ಯಾ ಮಾಡ್ತೀನಿ” ಎಂದರು.

“ಮೊದಲ ಹೇಳಿದ್ರ ನಾನ ಒಂದ ಕೋಳಿ ತರ್ತಿದ್ನೆಲ್ರಿ ಮಾವಾರ” ಎಂದ ಅಳಿಯ.

“ತರಬ್ಯಾಡೋ ಮಾರಾಯ. ಅದಕ್ಕೂ ನಿಮ್ಮ ಮಾವ ಹೆಸರಿಡ್ತಾರ” ಎಂದರು ಕಾಕು.

ಶಲವಡಿ ಮತ್ತೆ ಮೊದಲಿನವಳಾಗಲಿಲ್ಲ. ನನ್ನ ಪಟ್ಟಿಯ ಪ್ರಕಾರ ನಾಲ್ಕನೆಯ ಜಾಗಕ್ಕೆ ನಿಂತಿತು. ಅದನ್ನು ಸ್ವಲ್ಪ ಬೇಸರದಿಂದಲೇ ಹೇಳಿದಾಗ ಕಾಕಾ, “ಸೀಟ ಇಲ್ಲಂದ್ರೇನು, ಬಸ್ಸಿನ್ಯಾಗ ಅದಾಳಲ್ಲ” ಎಂದರು. ಈ ಮಾತನ್ನು ಅವರ ಹೆಸರಿನಲ್ಲಿ ಎಷ್ಟೋ ಕಡೆ ಹೇಳಿದ್ದೇನೆ. ಕಾಕು ಒಪ್ಪುವುದಿಲ್ಲ, ಅಂದದ್ದು ತಾನಂತೆ. ಇರಬಹುದು. ಆ ಮನೆಯಲ್ಲಿ ಒಬ್ಬರು ಹೇಳಿದ ಮಾತು ಇನ್ನೊಬ್ಬರ ಬಾಯಲ್ಲಿ ಹಳತಾಗುತ್ತಿತ್ತು. ಆ ವರ್ಷವೇ ಶಲವಡಿ ಕಾವಿಗೆ ಕೂತು ಮರಿ ತೆಗೆಯಿತು. ನವಲಗುಂದ ಸಸ್ಪೆನ್ಷನ್ ಮುಗಿಸಿಕೊಂಡು ಬಂದು ಎಲ್ಲರಿಂದ ಕುಟುಕಿಸಿಕೊಂಡು ಆರನೆಯದಾಯಿತು.

ಆ ಕಟ್ಟೆಯ ಮೇಲೆ ಕೂತಾಗಲೇ ಶಲವಡಿ ಊರಿನ ಕಡೆಯ ಒಂದು ಶಾಲೆಗೆ ಲೆಕ್ಕದ ಮಾಸ್ತರರು ಬೇಕಾಗಿದ್ದಾರೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು. ಇಂದಿಗೂ ಅದೇ ಕೆಲಸದಲ್ಲಿದ್ದೇನೆ.

ಕಾಕಾ ಹೋದ ವರ್ಷ ತೀರಿಕೊಂಡರು. ಎರಡು ದಿನ ಜ್ವರ, ಅಷ್ಟೇ. ಮೊದಲ ದಿನ ಬೆಳಿಗ್ಗೆ ಸಹ ಎಲ್ಲ ಕೋಳಿಗಳ ಚೀಲ ಮುಟ್ಟಿ ನೋಡಿದ್ದರಂತೆ. ಈಗ ಅದನ್ನು ಕಾಕು ಮಾಡುತ್ತಾರೆ, ಬೈಯುತ್ತ. ಅಂಗಳದಲ್ಲಿರುವುದು ಬಹುಪಾಲು ಶಲವಡಿಯ ಸಂತಾನ. ಇವನ್ನು ಕೊಯ್ಯುವುದಿಲ್ಲವೇ ಎಂದು ಕೇಳಿದರೆ, “ಹಲ್ಲಿಗೆ ಆಗಂಗಿಲ್ಲಪಾ” ಅನ್ನುತ್ತಾರೆ. ಹಲ್ಲು ಗಟ್ಟಿಯಾಗಿಯೇ ಇವೆ.

ಈ ಬರಹಕ್ಕೆ ಕೂರುವ ಮೊದಲು, ವಹಿ ಹಿಡಿದು ಅವರ ಬಳಿಗೆ ಹೋಗಿದ್ದೆ.

“ಕಾಕು, ನವಲಗುಂದ ನನ್ನ ರೂಮಿನ್ಯಾಗ ಇದ್ದದ್ದು ಎಂಟು ದಿನ ಅಲ್ರಿ?”

“ಹತ್ತ ದಿನ.”

“ವಹಿಯೊಳಗ ಎಂಟು ದಿನದ್ದ ಬರದೇನ್ರಿ.”

“ಕಡಿ ಎರಡ ದಿನ ನೀ ಎಲ್ಲೆ ಬರದಿ? ಕಟ್ಟಿ ಮ್ಯಾಲ ಕುಂತ ಹರಟಿ ಹೊಡಿತಿದ್ದಿ. ಊಟಕ್ಕ ಕರದ್ರೂ ಏಳ್ತಿದ್ದಿಲ್ಲ.”

ಅವರು ಕೋಳಿಗಳಿಗೆ ನುಚ್ಚು ಒಗೆದು ಕೈ ಝಾಡಿಸಿಕೊಂಡರು.

“ಅಕಿನ್ನ ನಿನ್ನ ರೂಮಿನ್ಯಾಗ ಯಾಕ ಇಟ್ರು, ಗೊತ್ತೈತೇನು?”

“ನಿಮ್ಮ ಮನಿಯೊಳಗ ಜಾಗಾ ಇರಲಿಲ್ಲ ಅಂತ ತಿಳದಿದ್ದೆರಿ.”

“ಜ್ವಾಳದ ಕೋಣಿ ಖಾಲಿ ಬಿದ್ದಿತ್ತು. ಕೋಳಿ ಬರ್ತಾಳಂತ ನಾನ ಕಸಾ ಹೊಡದ ಇಟ್ಟಿದ್ದೆ.”