ದಾನಿ ಬರುವವರೆಗೂ

ಆಫೀಸಿನಲ್ಲಿ ಎದುರಿಗೆ ಮೇಡಂ, ಬೆನ್ನ ಹಿಂದೆ ಹುಂಡಿಯಕ್ಕ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಹತ್ತಾರು ದೇಶಗಳಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ದೊಡ್ಡ ಸಂಸ್ಥೆ ಅದು. ಅದಕ್ಕೆ ದೇಣಿಗೆ ತರುವ, ದಾನಿಗಳನ್ನು ಹಿಡಿದಿಡುವ ವಿಭಾಗಕ್ಕೆ ಅವಳೇ ಯಜಮಾನಿ. ಔಷಧಿ ಕೊಡುವವರು, ಪಾಠ ಹೇಳುವವರು, ಹಾಲಿನ ಪುಡಿ ಹಂಚುವವರು, ಯಾರೇ ಆಗಲಿ ಕೊನೆಗೆ ಅವಳ ಬಾಗಿಲಿಗೇ ಬಂದು ಕೈಕಟ್ಟಿ ನಿಲ್ಲಬೇಕು. ಕೊಡುವ ಕೈಗಿಂತ ಕೇಳುವ ಬಾಯಿ ದೊಡ್ಡದು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಯಾವ ನಾಚಿಕೆಯೂ ಇಲ್ಲದೆ.

ಕೂತಲ್ಲಿಗೇ ಬಂದ ಪಟ್ಟವಲ್ಲ ಬಿಡಿ ಅದು. ಹರೆಯದಲ್ಲಿ ಮಾಲ್ ಬಾಗಿಲಲ್ಲಿ ಎದೆಗೆ ಫೈಲು ಅವುಚಿಕೊಂಡು ನಿಂತು, "ಸರ್, ಎರಡೇ ನಿಮಿಷ" ಎಂದು ಹೋಗಿಬರುವವರ ಹಿಂದೆ ಓಡಿದವಳು. ಅವಳನ್ನು ಕಂಡರೆ ಸಾಕು, ಜನ ಫೋನು ಕಿವಿಗಿಟ್ಟುಕೊಂಡು ಯಾರೊಂದಿಗೋ ಮಾತಾಡುವ ನಾಟಕ ಆಡುತ್ತಿದ್ದರು. ಒಬ್ಬ ಪುಣ್ಯಾತ್ಮನಂತೂ, "ಕೈಕಾಲು ಗಟ್ಟಿ ಇದೆಯಲ್ಲಮ್ಮ, ದುಡಿದು ತಿನ್ನಬಾರ್ದಾ?" ಎಂದು ಎಲ್ಲರೆದುರು ಕೇಳಿದ್ದ. ಆ ಬಾಗಿಲಲ್ಲಿ ಅವಳು ಒಂದು ಪಾಠ ಕಲಿತಳು. ಲಕ್ಷ ಮಕ್ಕಳು ಹಸಿದಿದ್ದಾರೆ ಎಂದರೆ ಜನ ವಾಚು ನೋಡಿಕೊಳ್ಳುತ್ತಾರೆ. ಒಂದೇ ಒಂದು ಮಗುವಿನ ಫೋಟೋ ಹಿಡಿದರೆ ನಿಲ್ಲುತ್ತಾರೆ. ಆ ಮಗು ನಗುತ್ತಿರಬಾರದು, ಅಷ್ಟೇ.

ಆ ಪಾಠದಿಂದಲೇ ಅವಳ 'ಮುಂಚೆ-ಆಮೇಲೆ' ಹುಟ್ಟಿದ್ದು. ಎರಡು ಫೋಟೋ. ಮೊದಲನೆಯದರಲ್ಲಿ ಕಷ್ಟದಲ್ಲಿರುವ ಮಗು, ಎರಡನೆಯದರಲ್ಲಿ ವಾಸಿಯಾದ ಅದೇ ಮಗು. ಅದನ್ನು ಎಲ್ಲ ಸಂಸ್ಥೆಗಳೂ ಮಾಡುತ್ತವೆ. ಹುಂಡಿಯಕ್ಕನ ಕೈಚಳಕ ಏನೆಂದರೆ, ಮೊದಲನೆಯ ಫೋಟೋದಲ್ಲೇ ದಾನಿ ಖುದ್ದಾಗಿ ಮಗುವಿನ ಕೈ ಹಿಡಿದು ಕೂತಿರಬೇಕು. "ಕಿವಿಯಲ್ಲಿ ಕೇಳಿದ ಸಂಕಟಕ್ಕೆ ಒಂದು ಸಲ ಕೊಡ್ತಾರೆ, ಕಣ್ಣಾರೆ ಕಂಡಿದ್ದಕ್ಕೆ ಬದುಕಿರೋವರೆಗೂ ಕೊಡ್ತಾರೆ" ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಡುತ್ತಿದ್ದಳು. ಸುಳ್ಳಲ್ಲ. ಹಾಗೆ ಎಷ್ಟೋ ಸೀಳುತುಟಿಗಳು ಕೂಡಿಕೊಂಡವು, ಎಷ್ಟೋ ಸೊಟ್ಟಗಾಲುಗಳು ನೆಟ್ಟಗಾದವು. ದಾನಿ ಬರುವವರೆಗೂ ಮಕ್ಕಳು ಕಾದರು, ಏಕೆಂದರೆ ಅವೆಲ್ಲ ಕಾಯುವಂಥ ತೊಂದರೆಗಳು.

ಲೆಕ್ಕದ ಮೇಷ್ಟ್ರಾದ ಅವಳ ಗಂಡ ಊಟಕ್ಕೆ ಕೂತಾಗ ಛೇಡಿಸುತ್ತಿದ್ದ. "ನಿನ್ನನ್ನ ಕೇಳದೆ ವಾಸಿಯಾಗೋಕೂ ಮಕ್ಕಳು ಹೆದರ್ತಾವೆ ಕಣೇ."

"ಹೆದರ್ಲಿ ಬಿಡಿ. ನಿಮ್ಮನ್ನ ಕಂಡ್ರೆ ಮಗ್ಗಿ ಬರದೇ ಇರೋವು ಹೆದರಲ್ವಾ?" ಎಂದು ಅವಳು ಅವನ ತಟ್ಟೆಗೆ ಇನ್ನಷ್ಟು ಅನ್ನ ಸುರಿಯುತ್ತಿದ್ದಳು.

ಅದೇ ಹೊತ್ತಿಗೆ ಬಂದವಳು ಚೂಟಿ. ಇಸ್ತ್ರಿ ಅಂಗಡಿಯವಳ ಮಗಳು, ಐದು ವರ್ಷದ ಕೂಸು. ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅಂಗಡಿ; ಒಂದು ಮೇಜು, ಒಂದು ಇಸ್ತ್ರಿಪೆಟ್ಟಿ, ಮೂಲೆಯಲ್ಲಿ ತಂತಿಯ ಹ್ಯಾಂಗರುಗಳ ರಾಶಿ. ಅಪ್ಪ ಎಂದೋ ಕಾಲಿಗೆ ಬುದ್ಧಿ ಹೇಳಿದ್ದ. ಮಗು ಬಟ್ಟೆಗಂಟಿನ ಮೇಲೆ ಹತ್ತಿ ಕುಣಿಯುವಾಗ ಜಾರಿ ಬಿತ್ತು, ಹ್ಯಾಂಗರಿನ ಕೊಕ್ಕೆ ಬಲಗಣ್ಣಿಗೆ ಹೊಕ್ಕಿತು. ಸಂಸ್ಥೆಯೊಂದಿಗೆ ಕೆಲಸ ಮಾಡುವ ಕಣ್ಣಿನ ಡಾಕ್ಟರು ಹೊಲಿಗೆ ಹಾಕಿ, ಹುಂಡಿಯಕ್ಕನಿಗೆ ಫೋನು ಮಾಡಿದರು.

"ಬಲಗಣ್ಣು ಮುಗೀತು ಮೇಡಂ, ಅದರ ಆಸೆ ಬಿಡಿ. ಆದ್ರೆ ಅದನ್ನ ಒಳಗೇ ಬಿಟ್ರೆ ಚೆನ್ನಾಗಿರೋ ಎಡಗಣ್ಣೂ ಕೆಡೋ ಅಪಾಯ ಇದೆ. ಎರಡು ವಾರದೊಳಗೆ ತೆಗೆದುಬಿಡ್ಬೇಕು. ತುರ್ತು ನಿಧಿಯಿಂದ ಕೊಡ್ತೀನಿ ಅಂತ ನೀವು ಹೂಂ ಅನ್ನಿ, ನಾಳೇನೇ ಮಾಡ್ತೀನಿ."

ನಿಧಿಯಲ್ಲಿ ದುಡ್ಡಿತ್ತು, ಹೂಂ ಎನ್ನುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಆದರೆ ಆ ವಾರದ ಕೊನೆಗೆ ದೂರದೇಶದಿಂದ ಗೊಂಬೆ ಕಂಪನಿಯ ಒಡತಿ ಬರುವವಳಿದ್ದಳು. ಮಕ್ಕಳ ಕಣ್ಣಿನ ಆಸ್ಪತ್ರೆ ಕಟ್ಟಿಸಿಕೊಡಲು ಮುಕ್ಕಾಲು ಪಾಲು ಒಪ್ಪಿದ್ದಳು. ಇಂಥ ದಾನಿ ಜನ್ಮಕ್ಕೊಂದು ಸಲ ಸಿಗುವುದು. ಕಣ್ಣು ತೆಗೆದು ಪಟ್ಟಿ ಕಟ್ಟಿ ಮಲಗಿಸಿದ ಮಗುವನ್ನು ತೋರಿಸಿ, "ಎಲ್ಲ ಆಗಿಹೋಯಿತು, ನಾವೇ ಮಾಡಿಸಿಬಿಟ್ಟೆವು" ಎಂದರೆ ಅವಳಿಗೆ ಕೊಡಲು ಏನು ಉಳಿಯಿತು? ಹುಂಡಿಯಕ್ಕ ಲೆಕ್ಕ ಹಾಕಿದಳು. ವಾರದೊಳಗೆ ಒಡತಿ ಬರುತ್ತಾಳೆ, ಫೋಟೋ ಆಗುತ್ತದೆ, ಮರುದಿನ ಆಪರೇಷನ್ನು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಇಸ್ತ್ರಿಯವಳನ್ನು ಕರೆಸಿ ಕೂರಿಸಿದಳು. "ದುಡ್ಡು ಕೊಡೋರು ಮೊದಲು ಮಗೂನ ನೋಡ್ಬೇಕಂತೆ ಕಣಮ್ಮ. ನೋಡದೆ ಬಿಡಿಗಾಸೂ ಬಿಚ್ಚಲ್ವಂತೆ. ನನ್ನ ಕೈಲಿದ್ರೆ ಈಗ್ಲೇ ಮಾಡಿಸ್ತಿದ್ದೆ."

"ಅಲ್ಲಿವರೆಗೂ ಏನೂ ಆಗಲ್ಲ ಅಲ್ವಾ ಮೇಡಂ?"

"ಏನೂ ಆಗಲ್ಲ. ನಾನಿದೀನಲ್ಲ."

ಡಾಕ್ಟರಿಗೆ ಬೇರೆಯೇ ಹೇಳಿದಳು. "ತಾಯಿ ಒಪ್ತಿಲ್ಲ ಡಾಕ್ಟ್ರೇ. ಕಣ್ಣು ಕೀಳ್ಬೇಡಿ ಅಂತ ಹಟ ಹಿಡಿದಿದಾಳೆ. ಒಪ್ಪಿಸ್ತೀನಿ, ಸ್ವಲ್ಪ ಟೈಮ್ ಕೊಡಿ." ಅಂಥ ಹಟಮಾರಿ ತಾಯಂದಿರನ್ನು ಡಾಕ್ಟರು ಬೇಕಾದಷ್ಟು ಕಂಡಿದ್ದರು, ನಂಬಿದರು. ಇನ್ನು ಆ ಒಡತಿ, ಪಾಪ, ಷರತ್ತೂ ಹಾಕಿರಲಿಲ್ಲ, ಇಂಥದೊಂದು ಗಡುವು ಇದೆಯೆಂದು ಅವಳಿಗೆ ಯಾರೂ ಹೇಳಿಯೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಒಡತಿಯ ಕಾಲು ಉಳುಕಿತು. ಪ್ರಯಾಣ ಮುಂದಕ್ಕೆ ಹೋಯಿತು. ಆಗಲಾದರೂ ಹುಂಡಿಯಕ್ಕ ಹೂಂ ಎನ್ನಬಹುದಿತ್ತು. ಅನ್ನಲಿಲ್ಲ ಮಹಾತಾಯಿ. ಇನ್ನೆರಡು ದಿನ, ಇನ್ನು ನಾಲ್ಕು ದಿನ ಎಂದುಕೊಂಡೇ ಗಡುವು ದಾಟಿಸಿದಳು. ಡಾಕ್ಟರು ಮತ್ತೆ ಫೋನು ಮಾಡಿ, "ನಾನೇ ಬಂದು ಆ ತಾಯಿ ಹತ್ರ ಮಾತಾಡ್ಲಾ?" ಎಂದರೆ, "ಬೇಡ ಬೇಡ, ನಿಮ್ಮನ್ನ ಕಂಡ್ರೆ ಹೆದರ್ಕೊಂಡು ಮಗೂನ ಎತ್ಕೊಂಡು ಎಲ್ಲಾದ್ರೂ ಹೊರಟುಹೋಗ್ತಾಳೆ" ಎಂದಳು. ಹೆದರಿಕೆ ಇದ್ದದ್ದು ಅವಳಿಗೆ. ಆಸ್ಪತ್ರೆ ಎದ್ದರೆ ಇಂಥ ಸಾವಿರ ಮಕ್ಕಳಿಗೆ ಕಣ್ಣು ಬರುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಒಂದು ಸಂಜೆ ಮನಸ್ಸು ತಡೆಯದೆ ಇಸ್ತ್ರಿ ಅಂಗಡಿಗೆ ಹೋದಳು. ಚೂಟಿ ಮೇಜಿನ ಕೆಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎಡಗಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು.

"ಬೆಳಕಿಗೆ ಬಾರೇ ಅಂದ್ರೆ ಚುಚ್ಚುತ್ತೆ ಅಂತಾಳೆ ಮೇಡಂ. ಬೆಳಿಗ್ಗೆಯಿಂದ ಹೊಗೆ, ಹೊಗೆ ಅಂತಿದಾಳೆ. ಇಸ್ತ್ರಿಪೆಟ್ಟಿ ಹಚ್ಚೇ ಇಲ್ಲ ನಾನಿವತ್ತು" ಎಂದಳು ಇಸ್ತ್ರಿಯವಳು.

ಹುಂಡಿಯಕ್ಕ ಮಗುವನ್ನು ತಾನೇ ಎತ್ತಿಕೊಂಡು ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದಳು. ಇಂಜೆಕ್ಷನ್ನು ಕೊಟ್ಟರು, ಹನಿ ಹಾಕಿದರು, ತಿಂಗಳುಗಟ್ಟಲೆ ಹೆಣಗಾಡಿದರು. ಬಲಗಣ್ಣನ್ನು ಕೊನೆಗೂ ತೆಗೆದರು. ಎಡಗಣ್ಣು ಇದ್ದಲ್ಲೇ ಉಳಿಯಿತು, ಅದರ ಬೆಳಕು ಮಾತ್ರ ಉಳಿಯಲಿಲ್ಲ. "ಹೇಳಿದ ಮಾತು ಕೇಳ್ಬಾರ್ದಾಗಿತ್ತೇನಮ್ಮ?" ಎಂದು ಡಾಕ್ಟರು ಇಸ್ತ್ರಿಯವಳ ಮೇಲೆ ರೇಗಿದರು. "ಕಾಯಿ ಅಂದ್ರು, ಕಾದೆ" ಎಂದು ಅವಳು ಅಳುವಷ್ಟರಲ್ಲಿ ಹುಂಡಿಯಕ್ಕ ಅವಳ ಹೆಗಲು ಬಳಸಿ ಹೊರಗೆ ಕರೆದುಕೊಂಡು ಹೋಗಿದ್ದಳು. "ನೀವೊಬ್ರಾದ್ರೂ ನಮ್ಮ ಜೊತೆ ನಿಂತ್ರಿ ಮೇಡಂ" ಎಂದಳು ಆ ಹುಚ್ಚಿ, ಅವಳ ಕೈಯನ್ನು ಕಣ್ಣಿಗೊತ್ತಿಕೊಂಡು.

ಒಡತಿ ಬಂದದ್ದು ಅದಾದ ಮೇಲೆ. ಬೆಳ್ಳಿಕೂದಲಿನ ಮುದುಕಿ, ಕೋಲೂರಿಕೊಂಡು ಬಂದಳು, ಚೀಲದ ತುಂಬ ಗೊಂಬೆ. ಹುಂಡಿಯಕ್ಕ ಬೇರೆ ಮಗುವನ್ನು ತೋರಿಸಬಹುದಿತ್ತು, ಹಾಗೇ ಅಂದುಕೊಂಡಿದ್ದಳು ಕೂಡ. ಆದರೆ ಐದು ವರ್ಷದ ಕುರುಡು ಹುಡುಗಿ, ಸಣ್ಣ ಕಪ್ಪು ಕನ್ನಡಕ. ಕಣ್ಣಿನ ಆಸ್ಪತ್ರೆಗೆ ಇದಕ್ಕಿಂತ 'ಮುಂಚೆ' ಎಲ್ಲಿ ಸಿಗಬೇಕು? ಅಂತೂ ತಾಯಿಮಗಳನ್ನು ಮೀಟಿಂಗ್ ರೂಮಿನ ಸೋಫಾದಲ್ಲಿ ತಂದು ಕೂರಿಸಿದಳು. ಒಡತಿಗೆ ಇಲ್ಲಿನ ಭಾಷೆ ಬಾರದು, ಇಸ್ತ್ರಿಯವಳಿಗೆ ಒಡತಿಯದು ಬಾರದು. ನಡುವೆ ಕೂತು ಮಾತು ದಾಟಿಸುವವಳು ಹುಂಡಿಯಕ್ಕ.

ಒಡತಿ ಮಗುವಿನ ಮಡಿಲಿಗೆ ಗೊಂಬೆ ಇಟ್ಟಳು. ಚೂಟಿ ಅದರ ಮುಖ ತಡವಿ, ಕಣ್ಣಿನ ಜಾಗದಲ್ಲಿ ಬೆರಳು ನಿಲ್ಲಿಸಿದಳು. ಮುದುಕಿ ಹುಂಡಿಯಕ್ಕನ ಕಡೆಗೆ ತಿರುಗಿದಳು. ಇಷ್ಟು ತಡ ಯಾಕಾಯಿತು, ಮೊದಲೇ ಯಾರೂ ಏನೂ ಮಾಡಲಿಲ್ಲವೇ ಎಂದು ಕೇಳಿದಳು.

"ತಾಯಿ ಒಪ್ಪಲಿಲ್ಲ" ಎಂದಳು ಹುಂಡಿಯಕ್ಕ, ಒಡತಿಯ ಭಾಷೆಯಲ್ಲಿ. ಹೇಳಿ ಹೇಳಿ ಆ ಮಾತು ಬಾಯಲ್ಲೇ ಕೂತುಬಿಟ್ಟಿತ್ತು.

ಅಷ್ಟರಲ್ಲಿ ಇಸ್ತ್ರಿಯವಳು ಎದ್ದು ನಿಂತಳು. ಬೆರಳು ಒಡತಿಯ ಕಡೆಗೆ ನೆಟ್ಟಿತ್ತು. "ನೀವು ಒಂದ್ಸಲ ನೋಡ್ಲಿ ಅಂತ ನನ್ನ ಮಗಳು ಜನ್ಮಪೂರ್ತಿ ನೋಡೋದನ್ನ ಕಳ್ಕೊಂಡ್ಳು. ಒಂದು ಕಣ್ಣಾದ್ರೂ ಉಳೀತಿತ್ತಲ್ರೀ! ನಿಮ್ಮ ದುಡ್ಡಿಗಿಷ್ಟು ಬೆಂಕಿ ಹಾಕ! ಹೇಳಿ ಮೇಡಂ, ಒಂದಕ್ಷರ ಬಿಡದೆ ಹೇಳಿ ಇವ್ರಿಗೆ!"

ಒಡತಿ ಗಾಬರಿಯಾಗಿ ಹುಂಡಿಯಕ್ಕನ ಮುಖ ನೋಡಿದಳು.

ಹುಂಡಿಯಕ್ಕ ಒಡತಿಯ ಭಾಷೆಯಲ್ಲಿ ಹೇಳಿದಳು. "ತಾನೇ ಮೂರ್ಖಳು ಅಂತಿದಾಳೆ. ಕತ್ತರಿಗೆ ಹೆದರಿ ಮಗುವಿನ ಬಾಳಿಗೆ ತಾನೇ ಕಲ್ಲು ಹಾಕಿದೆ ಅಂತ."

ಮುದುಕಿ ಕೋಲು ಬಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅದನ್ನು ನೋಡಿ ಇಸ್ತ್ರಿಯವಳ ಬೆರಳು ಕೆಳಗಿಳಿಯಿತು. ಯಾರೋ ಬೈದದ್ದಕ್ಕೆ ದೊಡ್ಡವರು ಹೀಗೆ ಅಳುವುದನ್ನು ಅವಳು ಕಂಡೇ ಇರಲಿಲ್ಲ.

"ನಾನು ಹೇಳಿದ್ದು ಅವ್ರಿಗೆ ಮುಟ್ತಾ ಮೇಡಂ?"

"ಮುಟ್ತು."

"ಅದಕ್ಕೇ ಅಳ್ತಿದಾರಾ?"

"ಹೂಂ."

ಇಸ್ತ್ರಿಯವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಪಾಪ, ವಯಸ್ಸಾದ ಜೀವ. ಬೇಕು ಅಂತ ಮಾಡಿರಲ್ಲ. ಕ್ಷಮಿಸಿದೀನಿ ಅಂತ ಹೇಳಿ."

ಹುಂಡಿಯಕ್ಕ ಒಡತಿಯ ಕಡೆಗೆ ತಿರುಗಿದಳು. "ಕ್ಷಮಿಸಿಬಿಡಿ ಅಂತ ಕೇಳ್ಕೊಳ್ತಿದಾಳೆ."

ಮುದುಕಿ ಕುಂಟುತ್ತ ಬಂದು ಇಸ್ತ್ರಿಯವಳನ್ನು ತಬ್ಬಿಕೊಂಡಳು. ಬೆನ್ನು ಸವರುತ್ತ, ಕ್ಷಮಿಸಿದೆ, ಎಲ್ಲ ಕ್ಷಮಿಸಿದೆ ಎಂದು ತನ್ನ ಭಾಷೆಯಲ್ಲಿ ಮತ್ತೆ ಮತ್ತೆ ಹೇಳಿದಳು. ಮೂಲೆಯಲ್ಲಿ ಕಾದು ನಿಂತಿದ್ದ ಸಂಸ್ಥೆಯ ಫೋಟೋದವನು ಎರಡು ಹೆಜ್ಜೆ ಮುಂದೆ ಬಂದು ಕ್ಲಿಕ್ಕಿಸಿದ.

"ಏನಂತಿದಾರೆ ಮೇಡಂ?" ಎಂದು ಅವಳ ಹೆಗಲ ಮೇಲಿಂದ ಕೇಳಿದಳು ಇಸ್ತ್ರಿಯವಳು.

"ನಿಮ್ಮದು ದೊಡ್ಡ ಮನಸ್ಸು ಅಂತಿದಾರೆ" ಎಂದಳು ಹುಂಡಿಯಕ್ಕ.